ಆಂಟಿ ಕುದುರಿಸಿದ ಎರಡನೇ ವರ್ಷ

ಹೋದ ಶನಿವಾರ ಮೆಲ್ಬರ್ನ್‌ನಲ್ಲಿ ಟ್ರ್ಯಾಮ್ ಹತ್ತಿದಾಗ ನನ್ನ ಪಕ್ಕದಲ್ಲಿ ಒಬ್ಬ ಹುಡುಗ ಬಂದು ಕುಳಿತ. ಮೊಣಕಾಲಿಗೆ ಪಟ್ಟಿ, ತೊಡೆಯ ಮೇಲೆ ಕೆಸರು ಮೆತ್ತಿದ ಚೀಲ, ಮೈಯೆಲ್ಲ ನೋವಿನ ಎಣ್ಣೆಯ ಘಾಟು. ಎದುರಿಗಿದ್ದ ಹೆಂಗಸು ಮುಖ ಸಿಂಡರಿಸಿ ಎದ್ದು ಬೇರೆ ಸೀಟಿಗೆ ಹೋದಳು. ನಾನು ಮಾತ್ರ ಇನ್ನಷ್ಟು ಉಸಿರೆಳೆದುಕೊಂಡೆ. ಆ ಘಾಟಿನ ಜೊತೆ ಹುರಿದ ಕೊತ್ತಂಬರಿ, ಒಣಮೆಣಸು, ವಿನೆಗರ್ ಬೆರೆತ ಇನ್ನೊಂದು ವಾಸನೆ ಬರಬೇಕಿತ್ತು. ಬರಲಿಲ್ಲ. ಅವೆರಡೂ ಒಟ್ಟಿಗೆ ಇದ್ದದ್ದು ಒಂದೇ ಮನೆಯಲ್ಲಿ... ಸಿಡ್ನಿಯ ಲಿವರ್‌ಪೂಲ್‌ನಲ್ಲಿ, ಆಂಟಿಯ ಮನೆಯಲ್ಲಿ.

ಆಂಟಿ ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ನರ್ಸ್ ಆಗಿ ದುಡಿದು ರಿಟೈರ್ ಆಗಿದ್ದರು. ಗಂಡ ತೀರಿಕೊಂಡಿದ್ದರು, ಮಗಳು ಪರ್ತ್‌ನಲ್ಲಿದ್ದಳು. ಮೈಸೂರಿನಿಂದ ಬಂದ ನಾನು ಲಿವರ್‌ಪೂಲ್‌ನ ಒಂದು ಕ್ಲಿನಿಕ್‌ನಲ್ಲಿ ಫಿಸಿಯೋ ಕೆಲಸಕ್ಕೆ ಸೇರಿದಾಗ ಅವರ ಹಿತ್ತಲಿನ ಒಂಟಿ ಕೋಣೆಯ ಪುಟ್ಟ ಮನೆ, ಇಲ್ಲಿಯವರ ಗ್ರಾನಿ ಫ್ಲಾಟ್, ಬಾಡಿಗೆಗೆ ಸಿಕ್ಕಿತು. ಬಾಡಿಗೆಗಿಂತ ಹೆಚ್ಚಾಗಿ ಅವರ ಬೈಗುಳಕ್ಕೆ ನಾನು ಒಗ್ಗಿಕೊಳ್ಳಬೇಕಾಯಿತು. ಬಟ್ಟೆ ಒಣಹಾಕಿದ ರೀತಿ ಸರಿ ಇಲ್ಲ, ಚಪ್ಪಲಿ ಬಿಟ್ಟ ಜಾಗ ಸರಿ ಇಲ್ಲ, ಸಾರಿಗೆ ಬೆಲ್ಲ ಹಾಕುವ ಮೈಸೂರಿನವರ ಬುದ್ಧಿಯೇ ಸರಿ ಇಲ್ಲ. ಹೀಗೆ ಬೈದು ಬೈದು ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದರು.

ಆಂಟಿಯ ಮನೆಯ ಮುಂದಿನ ರೂಮಿನಲ್ಲಿ ಒಬ್ಬ ಫುಟ್‌ಬಾಲ್ ಹುಡುಗ ಇದ್ದ. ಇಲ್ಲಿಯ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಕಾಲಲ್ಲಿ ಒದ್ದು, ಅದನ್ನು ಹಿಡಿಯಲು ಇನ್ನೊಬ್ಬನ ಹೆಗಲ ಮೇಲೇ ಹಾರುವ ಆಟ. ಬೇರೆ ರಾಜ್ಯದಿಂದ ಬರುವ ಎಳೆ ಆಟಗಾರರನ್ನು ಕ್ಲಬ್‌ನವರು ಯಾರದಾದರೂ ಮನೆಯಲ್ಲಿ ಇರಿಸುವುದು ಪದ್ಧತಿ. ಚರ್ಚಿನಲ್ಲಿ ಕೇಳಿದಾಗ ಆಂಟಿ ಹೂಂ ಅಂದಿದ್ದರು. ಒಂದು ಸೀಸನ್ನಿಗೆಂದು ಬಂದವನು ಹೋಗಲೇ ಇಲ್ಲ. ವಿಕ್ಟೋರಿಯಾದ ಒಳನಾಡಿನ ಕೆಂಚು ಕೂದಲಿನ ಹುಡುಗ, ತಾಯಿ ಇಲ್ಲ, ತಂದೆ ಫೋನಿನಲ್ಲಿ ಮಳೆ ಬಂತೋ ಇಲ್ಲವೋ ಎಂಬುದನ್ನು ಬಿಟ್ಟು ಬೇರೆ ಮಾತಾಡದ ಮನುಷ್ಯ. ಆಂಟಿ ಅವನನ್ನು ‘ಪುತಾ’ ಎಂದು ಕರೆಯುತ್ತಿದ್ದರು. ಕೊಂಕಣಿಯಲ್ಲಿ ಮಗನೇ ಎಂದು. ಅವನು ಅದನ್ನು ತನ್ನ ಅಡ್ಡಹೆಸರು ಎಂದುಕೊಂಡು ಬಹಳ ದಿನ ಖುಷಿಯಲ್ಲಿದ್ದ.

ಸಿಡ್ನಿಯ ಮಂಗಳೂರಿನವರ ಸಂಘದ ಹೆಂಗಸರಿಗೆ ಇದು ಹಿಡಿಸಿರಲಿಲ್ಲ. ಗುರುತು ಪರಿಚಯ ಇಲ್ಲದ ಬಿಳಿಯ ಹುಡುಗನನ್ನು ಒಳಗೆ ಸೇರಿಸಿಕೊಂಡಿದ್ದೀರಲ್ಲ ಎಂದು ಒಬ್ಬರು ನನ್ನೆದುರೇ ಕೇಳಿದರು.

“ಗುರುತು ಇದ್ದವರು ಯಾರು ಬಂದು ಕೂತ್ರು ನನ್ನ ಮನೆಯಲ್ಲಿ, ಹೇಳಿ ನೋಡುವ?” ಎಂದರು ಆಂಟಿ.

ಇದೇ ಹೆಂಗಸರಿಗೆ ಆಂಟಿ ಬೇಕೇ ಬೇಕಾಗಿದ್ದ ಇನ್ನೊಂದು ಕೆಲಸವಿತ್ತು. ಅವರು ರಾಯಬಾರಿ. ಅವರ ಕಡೆ ಮದುವೆ ಕುದುರಿಸುವವರನ್ನು ಹಾಗೆನ್ನುತ್ತಾರೆ. ಸಿಡ್ನಿಯ ಎಷ್ಟೋ ಸಂಬಂಧಗಳು ಅವರ ಹಾಲ್‌ನಲ್ಲಿ ಕುದುರಿದ್ದವು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ಅವರದ್ದು ಎರಡೇ ನಿಯಮ. ಹುಡುಗನದ್ದಾಗಲಿ ಹುಡುಗಿಯದ್ದಾಗಲಿ, ಐಬು ಏನಿದೆಯೋ ಅದನ್ನು ಮೊದಲೇ, ಎಲ್ಲರೆದುರು ಹೇಳಬೇಕು. ಮತ್ತೆ, ಮಾತು ಮುಗಿಯುವ ತನಕ ಊಟ ಬಡಿಸಬಾರದು. ಉಂಡವರು ದಾಕ್ಷಿಣ್ಯಕ್ಕೆ ಒಪ್ಪುತ್ತಾರೆ, ದಾಕ್ಷಿಣ್ಯಕ್ಕೆ ಒಪ್ಪಿದ್ದು ನಿಲ್ಲುವುದಿಲ್ಲ ಎನ್ನುತ್ತಿದ್ದರು.

ಆ ವರ್ಷದ ಸೀಸನ್ ಮುಗಿಯುವ ಹೊತ್ತಿಗೆ ಹುಡುಗನ ಮೊಣಕಾಲು ಮುರಿಯಿತು. ಅದೇ ಕಾಲು, ಎರಡನೇ ಸಲ. ಆಪರೇಷನ್ ಚೆನ್ನಾಗಿಯೇ ಆಯಿತು. ಊರುಗೋಲು ಬಿಟ್ಟ, ಮನೆಯೊಳಗೆ ನಡೆದಾಡಿದ. ಆದರೆ ಮುಂಬಾಗಿಲಿನ ಮೆಟ್ಟಿಲ ಹತ್ತಿರ ಬಂದರೆ ಕಂಬಿ ಹಿಡಿದು ನಿಂತುಬಿಡುತ್ತಿದ್ದ. ನೋಯುತ್ತಾ ಎಂದರೆ ಇಲ್ಲ ಎನ್ನುತ್ತಿದ್ದ. ಹಣೆಯಲ್ಲಿ ಬೆವರು. ನಾನು ಕಾಲು ಮುಟ್ಟಿ ನೋಡಿದ್ದೆ, ಮೆಟ್ಟಿಲಿಳಿಯುವಷ್ಟು ಕಾಲು ಸರಿಯಾಗಿತ್ತು. ಅವನು ಹೆದರಿದ್ದ. ಅಷ್ಟು ಎತ್ತರಕ್ಕೆ ಹಾರುತ್ತಿದ್ದವನು ಮೆಟ್ಟಿಲಿಗೆ ಹೆದರಿ ನಿಂತದ್ದನ್ನು ನೋಡಲು ನನಗೆ ಆಗುತ್ತಿರಲಿಲ್ಲ, ಒಳಗೆ ಹೋಗಿಬಿಡುತ್ತಿದ್ದೆ.

ಅಕ್ಟೋಬರ್‌ನಲ್ಲಿ ಇಲ್ಲಿಯ ಕ್ಲಬ್‌ಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಟ್ರೇಡ್ ಎನ್ನುತ್ತಾರೆ. ಕೆಲವೇ ದಿನಗಳ ಸಂತೆ, ಕೊನೆಯ ದಿನ ಸಂಜೆಗೆ ಬಾಗಿಲು ಮುಚ್ಚುತ್ತದೆ. ಸಿಡ್ನಿಯ ಕ್ಲಬ್ ನಮ್ಮ ಹುಡುಗನನ್ನು ಕಳಿಸಲು ತಯಾರಿತ್ತು, ಅವನ ಹಿಂದಿನ ಆಟ ನೋಡಿದ್ದ ಮೆಲ್ಬರ್ನ್‌ನ ಒಂದು ಕ್ಲಬ್ ಅಗ್ಗಕ್ಕೆ ತೆಗೆದುಕೊಳ್ಳಲು ತಯಾರಿತ್ತು. ಕಾಂಟ್ರ್ಯಾಕ್ಟ್ ಇರುವ ಆಟಗಾರನನ್ನು ಅವನು ಒಪ್ಪದೆ ಕಳಿಸುವಂತಿಲ್ಲ. ಅವನ ಕಾಂಟ್ರ್ಯಾಕ್ಟ್‌ನಲ್ಲಿ ಉಳಿದದ್ದು ಒಂದೇ ವರ್ಷ. ಆ ವರ್ಷವೆಲ್ಲ ಕಾಲು ಆಟಕ್ಕೆ ಗಟ್ಟಿಯಾಗುವುದಕ್ಕೇ ಹೋಗುತ್ತದೆ. ಅಂದರೆ ಮೆಲ್ಬರ್ನ್‌ಗೆ ಹೋಗಿ, ಒಂದು ದಿನವೂ ಆಡದೆ, ವರ್ಷದ ಕೊನೆಗೆ ಮನೆಗೆ. ಆಟವೇ ಮುಗಿದ ಹಾಗೆ. ಇನ್ನೊಂದು ವರ್ಷ ಸೇರಿಸಿದರೆ ಮಾತ್ರ ಅವನು ಮತ್ತೆ ಮೈದಾನಕ್ಕೆ ಇಳಿಯುವ ಆಸೆ ಇತ್ತು.

ಹುಡುಗನ ವ್ಯವಹಾರ ನೋಡಿಕೊಳ್ಳಲು ಒಬ್ಬ ಮ್ಯಾನೇಜರ್ ಇದ್ದ. ಬಿಗಿ ಪ್ಯಾಂಟಿನ, ಹಲ್ಲು ಬಿಟ್ಟು ನಗುವ ಮನುಷ್ಯ. ಕೇಳುವವರು ಬಂದದ್ದೇ ಪುಣ್ಯ, ಎರಡನೇ ವರ್ಷದ ಮಾತೆತ್ತಬೇಡ, ಕಾಲಿನ ರಿಪೋರ್ಟ್ ಅವರ ಡಾಕ್ಟರ್ ಹತ್ತಿರ ಇದೆ, ಉಳಿದದ್ದು ಬಾಯಿಬಿಡಬೇಡ, ಅವರೆದುರು ಗಟ್ಟಿಯಾಗಿ ನಡೆದು ತೋರಿಸು... ಇದು ಅವನ ಉಪದೇಶ. ಹುಡುಗ ತಲೆ ತಗ್ಗಿಸಿ ಕೇಳಿದ. ಆಂಟಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿದರು. ಮೆಲ್ಬರ್ನ್‌ನವರ ಜೊತೆ ಯಾವುದೋ ಹೋಟೆಲ್‌ನಲ್ಲಿ ಮೀಟಿಂಗ್ ಎಂದಾಗ ಒಳಗೇ ಬಂದುಬಿಟ್ಟರು. ಹುಡುಗನನ್ನು ಕೇಳಿಕೊಂಡು ಬರುವವರು ಹುಡುಗನ ಮನೆಗೆ ಬರಬೇಕು, ಇಲ್ಲವಾದರೆ ಹುಡುಗ ಒಪ್ಪುವುದಿಲ್ಲ ಎಂದರು. ಮ್ಯಾನೇಜರ್ ಹುಡುಗನ ಮುಖ ನೋಡಿದ. ಹುಡುಗ ಆಂಟಿಯ ಮುಖ ನೋಡಿದ. ಸಂತೆ ಮುಗಿಯುವ ಹಿಂದಿನ ದಿನ ಮೆಲ್ಬರ್ನ್‌ನವರು ಲಿವರ್‌ಪೂಲ್‌ಗೇ ಬಂದರು.

ಬಂದವರು ತಂಡಕ್ಕೆ ಆಟಗಾರರನ್ನು ಆರಿಸುವ ಮನುಷ್ಯ, ಐವತ್ತು ದಾಟಿದವರು, ಒಂದು ಕಾಲದಲ್ಲಿ ತಾವೇ ಆಡಿದವರು. ಬೆಳಗಿನಿಂದ ಆಂಟಿ ಕೊತ್ತಂಬರಿ, ಒಣಮೆಣಸು ಹುರಿದು, ವಿನೆಗರ್ ಬೆರೆಸಿ ಹಂದಿ ಮಾಂಸದ ಬಫಾತ್ ಮಾಡಿ, ಸಣ್ಣಾಸ್ ಬೇಯಿಸಿ ಇಟ್ಟಿದ್ದರು. ಸಣ್ಣಾಸ್ ಎಂದರೆ ನಮ್ಮ ಇಡ್ಲಿಯ ಕರಾವಳಿ ಅಕ್ಕ, ಅಷ್ಟೇ. ಮನೆಯೆಲ್ಲ ಘಮಘಮ. ಕಾಲಿನ ವಿಷಯ ಬಂದರೆ ಇರಲಿ ಎಂದು ನನ್ನನ್ನೂ ಕೂರಿಸಿಕೊಂಡಿದ್ದರು. ಬಂದವರಿಗೆ ಏನೂ ಕೊಡದೆ ಮಾತಿಗೆ ಕೂರಿಸುವುದು ನನ್ನ ಮೈಸೂರು ಜೀವಕ್ಕೆ ಹೇಗೆ ಒಗ್ಗಬೇಕು? ಒಳಗೆ ಹೋಗಿ ಬಫಾತ್‌ನ ಪಾತ್ರೆಯನ್ನೇ ತಂದು ಟೇಬಲ್ ಮೇಲಿಟ್ಟು ಮುಚ್ಚಳ ತೆಗೆದೆ. ಆಂಟಿ ನನ್ನನ್ನು ನೋಡಿದ ನೋಟ... ಹೇಳುವುದು ಬೇಡ. ಮ್ಯಾನೇಜರ್ ಆಗಲೇ ತಟ್ಟೆ ಎಳೆದುಕೊಂಡಿದ್ದ.

ಅವತ್ತು ಅವರೆಲ್ಲ ಮಾತಾಡಿದ್ದು ಇಂಗ್ಲಿಷಿನಲ್ಲಿ. ಆದರೆ ಆಂಟಿಯ ಮಾತು ನನ್ನ ಕಿವಿಯಲ್ಲಿ ಮಂಗಳೂರು ಕನ್ನಡವಾಗಿಯೇ ಉಳಿದಿದೆ. ಮೆಲ್ಬರ್ನ್‌ನವರು ಒಂದು ವರ್ಷದ ಲೆಕ್ಕದಲ್ಲೇ ಮಾತು ಶುರು ಮಾಡಿದರು. ಮ್ಯಾನೇಜರ್ ತಲೆಯಾಡಿಸಿದ. ಆಂಟಿ ಎದ್ದು ಬಫಾತ್‌ಗೆ ಮುಚ್ಚಳ ಹಾಕಿದರು.

“ಮೊದಲು ನನ್ನದೊಂದು ಮಾತುಂಟು,” ಎಂದರು.

ನೀವು ಹುಡುಗನಿಗೆ ಏನಾಗಬೇಕು ಎಂದು ಮೆಲ್ಬರ್ನ್‌ನವರು ಮರ್ಯಾದೆಯಿಂದಲೇ ಕೇಳಿದರು.

“ಊಟ ಹಾಕುವವಳು,” ಎಂದರು ಆಂಟಿ. “ಇವನ ಕಾಲಿನ ಕಥೆ ನಿಮ್ಮ ಡಾಕ್ಟರ್ ಹೇಳಿರ್ತಾರೆ. ಅದರಲ್ಲಿ ಇಲ್ಲದ್ದು ನಾನು ಹೇಳ್ತೇನೆ. ಇವ ಹೆದರಿದ್ದಾನೆ. ನಡಿಲಿಕ್ಕೆ ಕಾಲು ಸರಿ ಉಂಟು, ಆದ್ರೂ ಮೆಟ್ಟಿಲು ಇಳಿಲಿಕ್ಕೆ ಆಗುದಿಲ್ಲ ಇವನಿಗೆ.”

ಮ್ಯಾನೇಜರ್ ಎಳೆದುಕೊಂಡಿದ್ದ ತಟ್ಟೆಯನ್ನು ದೂರ ಸರಿಸಿದ. ಇಷ್ಟು ಹೊತ್ತು ಒಂದು ವರ್ಷವಾದರೂ ಕೈಯಲ್ಲಿತ್ತು, ಆಂಟಿ ತಮ್ಮ ನಿಯಮ ಹಿಡಿದುಕೊಂಡು ಅದನ್ನೂ ಕಳೆದರಲ್ಲ ಎನಿಸಿತು ನನಗೆ. ಮದುವೆಗೂ ಫುಟ್‌ಬಾಲಿಗೂ ಎಲ್ಲಿಯ ಸಂಬಂಧ! ಹುಡುಗ ಕಿವಿಯ ತನಕ ಕೆಂಪಾಗಿ ಕೂತಿದ್ದ. ಮ್ಯಾನೇಜರ್ ಏನೋ ನಗೆಮಾತು ಆಡಿ ಮುಚ್ಚಿಹಾಕಲು ನೋಡಿದ. ಮೆಲ್ಬರ್ನ್‌ನವರು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಹುಡುಗನ ಕಡೆ ತಿರುಗಿ, ಏನಕ್ಕೆ ಹೆದರಿಕೆ ಎಂದು ಕೇಳಿದರು.

“ಆ ಶಬ್ದ,” ಎಂದ ಹುಡುಗ. ಮೊಣಕಾಲು ಮುರಿದಾಗ ಕೇಳಿಸಿದ ಶಬ್ದ. ಅದು ಇನ್ನೊಮ್ಮೆ ಕೇಳಿಸಿದರೆ ಎಂದು... ಅಷ್ಟು ಹೇಳಿ ನಿಲ್ಲಿಸಿದ. ನಮ್ಮ ಯಾರ ಹತ್ತಿರವೂ ಅವನು ಅದನ್ನು ಹೇಳಿರಲಿಲ್ಲ.

ಆಂಟಿಯೇ ಮುಂದುವರಿಸಿದರು. “ಒಂದು ವರ್ಷದಲ್ಲಿ ಕಾಲು ಆಟಕ್ಕೆ ಗಟ್ಟಿ ಆಗ್ತದೆ. ಹೆದರಿಕೆ ಹೋಗ್ಲಿಕ್ಕೆ ಇನ್ನೊಂದು ವರ್ಷ ಬೇಕು. ಎರಡು ವರ್ಷ ಕೊಡುದಾದ್ರೆ ಇವನನ್ನು ಕರ್ಕೊಂಡು ಹೋಗಿ. ಇಲ್ಲದಿದ್ರೆ ಇವ ಇಲ್ಲೇ ಇರ್ಲಿ, ನನಗೇನು ಭಾರ ಇಲ್ಲ.”

ಕ್ಲಬ್‌ನಲ್ಲಿ ಕೇಳದೆ ಮಾತು ಕೊಡಲಾರೆ, ನಾಳೆ ಹೇಳುತ್ತೇನೆ ಎಂದರು ಮೆಲ್ಬರ್ನ್‌ನವರು.

“ಹಾಗಾದ್ರೆ ಊಟವೂ ನಾಳೆಯೇ,” ಎಂದು ಆಂಟಿ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಅಷ್ಟು ದೂರದಿಂದ ಬಂದವರನ್ನು ಆ ಘಮದ ನಡುವೆ ಕೂರಿಸಿ ಹಸಿದ ಹೊಟ್ಟೆಯಲ್ಲಿ ಕಳಿಸಿದರು! ನನಗೆ ನಾಚಿಕೆಯಿಂದ ಎಲ್ಲಿ ಹುದುಗಿಕೊಳ್ಳಲಿ ಎನಿಸಿತು. ಮೆಲ್ಬರ್ನ್‌ನವರು ಮಾತ್ರ ಬಾಗಿಲಲ್ಲಿ ನಿಂತು ನಕ್ಕರು. ಮ್ಯಾನೇಜರ್ ಕಾರಿನ ಬಾಗಿಲನ್ನು ಬಡಿದ ಸದ್ದು ಬೀದಿಗೆಲ್ಲ ಕೇಳಿಸಿತು. ಹುಡುಗನ ಬದುಕಿಗೆ ಕಲ್ಲು ಹಾಕಿದಿರಿ ಎಂದು ಆಮೇಲೆ ಫೋನಿನಲ್ಲಿ ಕೂಗಾಡಿದ. ಆಂಟಿ ಫೋನನ್ನು ಕಿವಿಯಿಂದ ದೂರ ಹಿಡಿದು ಪಾತ್ರೆ ತಿಕ್ಕಿದರು.

ನಾನೂ ಸುಮ್ಮನಿರಲಿಲ್ಲ. “ಆಂಟಿ, ಅವರು ಬೇಡ ಅಂದ್ಬಿಟ್ರೆ?” ಅಂದೆ.

“ಬೇಡ ಅಂದ್ರೆ ಬೇಡ, ಮಾರಾಯ್ತಿ. ಮುಚ್ಚಿಟ್ಟು ಕಳಿಸಿದ್ರೆ ಅಲ್ಲಿ ಒಬ್ಬನೇ ಹೆದರ್ಬೇಕು ಅವ. ಈಗ ಎಲ್ಲರಿಗೂ ಗೊತ್ತುಂಟು. ಅರ್ಧ ಹೆದರಿಕೆ ಇಳಿಯಿತು.”

ಮಾತು ಹಾಗಿದ್ದರೂ ಆ ರಾತ್ರಿ ಅವರು ಊಟ ಮಾಡಲಿಲ್ಲ. ಜಪಸರ ಹಿಡಿದು ಕೂತಿದ್ದರು.

ಮಾರನೆಯ ದಿನ ನಾನು ಕ್ಲಿನಿಕ್‌ಗೆ ಹೋಗಲಿಲ್ಲ. ಮಧ್ಯಾಹ್ನವಾದರೂ ಫೋನ್ ಬರಲಿಲ್ಲ. ಹುಡುಗ ಮೆಟ್ಟಿಲ ಮೇಲೆ ಕೂತಿದ್ದ, ಆಂಟಿ ಗುಲಾಬಿ ಗಿಡಗಳನ್ನು ಅಗತ್ಯಕ್ಕಿಂತ ಹೆಚ್ಚು ಕತ್ತರಿಸುತ್ತಿದ್ದರು. ಟ್ರೇಡ್‌ನ ಬಾಗಿಲು ಮುಚ್ಚುವ ಹೊತ್ತು ಹತ್ತಿರವಾದಾಗ ಹುಡುಗನ ಫೋನ್ ಹೊಡೆದುಕೊಂಡಿತು. ಅವನು ಕೇಳಿದ, ಹೂಂ ಎಂದ, ಮತ್ತೆ ಹೂಂ ಎಂದ. ನಮ್ಮ ಕಡೆ ಎರಡು ಬೆರಳು ಎತ್ತಿ ತೋರಿಸಿದ. ಆಂಟಿ ಅಲ್ಲೇ ಗಿಡಗಳ ನಡುವೆ ಕುಸಿದು ಕೂತು ಅತ್ತರು. ಆಮೇಲೆ ಎದ್ದು ಬಫಾತ್ ಬಿಸಿ ಮಾಡಿದರು. ಅದು ಎರಡನೇ ದಿನಕ್ಕೇ ಹೆಚ್ಚು ರುಚಿ ಎಂದು ಅವತ್ತು ನನಗೆ ಗೊತ್ತಾಯಿತು.

ಹುಡುಗ ಮೆಲ್ಬರ್ನ್‌ಗೆ ಹೋದ. ಮರುವರ್ಷದ ಚಳಿಗಾಲದಲ್ಲಿ ಆಂಟಿಯ ಹೃದಯ ನಿಂತಿತು. ಬೆಳಿಗ್ಗೆ ನನಗೆ ಬೈದಿದ್ದರು, ಸಂಜೆಗೆ ಇರಲಿಲ್ಲ. ಮಣ್ಣು ಮಾಡುವ ದಿನ ಹುಡುಗ ಬಂದ. ಪೆಟ್ಟಿಗೆ ಹೊರುವವರಲ್ಲಿ ತಾನೇ ಮುಂದೆ ನಿಂತ. ಭಾರ ಹೊರಬೇಡ ಎಂದು ಅವನ ಡಾಕ್ಟರ್ ಹೇಳಿದ್ದರು. ಹೆಗಲು ಕೊಟ್ಟ, ಚರ್ಚಿನ ಮೆಟ್ಟಿಲುಗಳನ್ನು ಎಲ್ಲೂ ನಿಲ್ಲದೆ ಇಳಿದ. ಅದನ್ನು ನೋಡಿದ್ದು ನಾನೊಬ್ಬಳೇ. ಉಳಿದವರು ಪೆಟ್ಟಿಗೆ ನೋಡುತ್ತಿದ್ದರು.

ಎರಡನೇ ವರ್ಷ ಅವನು ಆಡಿದ. ಬೆರಳೆಣಿಕೆಯ ಆಟಗಳು, ಒಂದೆರಡು ಚೆನ್ನಾಗಿ, ಉಳಿದವು ಸಾಧಾರಣ. ಆಮೇಲೆ ಕ್ಲಬ್‌ನವರು ಬಿಟ್ಟರು. ನಾನು ಅಷ್ಟರಲ್ಲಿ ಕೆಲಸ ಬದಲಿಸಿ ಮೆಲ್ಬರ್ನ್‌ಗೆ ಬಂದಿದ್ದೆ, ಅವನ ಮೊದಲ ಆಟ ನೋಡಿದೆ. ಇಬ್ಬರ ಹೆಗಲ ಮೇಲಿಂದ ಹಾರಿ ಚೆಂಡು ಹಿಡಿದು, ಅದೇ ಕಾಲಿನ ಮೇಲೆ ನೆಲಕ್ಕೆ ಬಂದ. ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಈಗ ಅವನು ಒಂದು ಸಬರ್ಬ್‌ನಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಕೋಚ್. ಹೆದರಿದವರಿಂದ ಮೊದಲು ಹೆದರಿದ್ದೇನೆ ಎಂದು ಬಾಯಿಬಿಟ್ಟು ಹೇಳಿಸುತ್ತಾನಂತೆ, ಆಮೇಲೆಯೇ ಚೆಂಡು ಕೊಡುತ್ತಾನಂತೆ.

ಬೆರಳೆಣಿಕೆ ಆಟಕ್ಕೆ ಅಷ್ಟೊಂದು ರಂಪ ಬೇಕಿತ್ತೇ ಎಂದು ಕೇಳಿದವರಿದ್ದಾರೆ. ಬೇಕಿತ್ತು. ಒಂದೇ ಆಟವಾಗಿದ್ದರೂ ಬೇಕಿತ್ತು. ಆ ಒಂದು ಆಟವನ್ನು ಆಂಟಿ ನೋಡಬೇಕಿತ್ತು ಎಂಬುದಷ್ಟೇ ನನ್ನ ಜಗಳ. ದೇವರ ಇಚ್ಛೆ, ಮೇಲಿನಿಂದ ನೋಡುತ್ತಿರುತ್ತಾರೆ ಬಿಡಿ ಎಂದು ಸಮಾಧಾನ ಹೇಳುತ್ತಾರೆ ಜನ. ನಾನು ಬಿಡುವುದಿಲ್ಲ. ಹಠ ಹಿಡಿದು ಹುಡುಗನಿಗೆ ಎರಡನೇ ವರ್ಷ ಕೊಡಿಸಿದ ಹೆಂಗಸಿಗೆ ಆ ವರ್ಷ ಸಿಗಲಿಲ್ಲ. ಅದು ಅನ್ಯಾಯ, ಎಷ್ಟು ವರ್ಷ ಕಳೆದರೂ ಅನ್ಯಾಯವೇ.