ಡಾಲ್ಫಿನ್ನಿನ ನಗು, ದೊಡ್ಡಮ್ಮನ ಒಪ್ಪಿಗೆ

ಇವತ್ತು ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ಡಾಲ್ಫಿನ್ನೊಂದು ಈಜುವವನನ್ನು ಮೂತಿಯಿಂದ ಗುಮ್ಮಿ ಗುಮ್ಮಿ ದಡಕ್ಕೆ ಅಟ್ಟುತ್ತಿದೆ. ಮುಖದಲ್ಲಿ ಮಾತ್ರ ಮದುವೆಮನೆಯ ಬಾಗಿಲಲ್ಲಿ ನಿಂತವರ ನಗು. ಕೆಳಗೆ ನಮ್ಮವರೆಲ್ಲ ‘ಎಷ್ಟು ಮುದ್ದಾಗಿ ಆಡ್ತಿದೆ’ ಎಂದು ಬರೆದಿದ್ದರು. ಯಲ್ದೂರಿನ ದೊಡ್ಡಮ್ಮನ ಮನೆಯ ಜಗಲಿಯಲ್ಲಿ ಕೂತಿದ್ದ ನಾನು ಏನೂ ಬರೆಯಲಿಲ್ಲ. ಈ ವಿಷಯದಲ್ಲಿ ನಾನು ಒಮ್ಮೆ ಚೆನ್ನಾಗಿ ಒದ್ದೆಯಾದವನು.

ನಾನು ಮೇಷ್ಟ್ರು. ‘ಡಾಲ್ಫಿನ್ ಮನುಷ್ಯನ ಗೆಳೆಯ’ ಎಂದು ಹೋಳೂರಿನ ಕಡೆಯ ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಟ್ಟವನು. ಕಡಲೇ ಇಲ್ಲದ ನಮ್ಮ ಸೀಮೆಯಲ್ಲಿ ಅದರ ಬಗ್ಗೆ ಏನು ಹೇಳಿದರೂ ನಡೆಯುತ್ತದೆ, ಪರೀಕ್ಷಿಸಲು ಯಾರು ಹೋಗುತ್ತಾರೆ ಹೇಳಿ! ಕೊನೆಗೆ ನಾನೇ ಹೋದೆ. ನಾಲ್ಕು ವರ್ಷದ ಹಿಂದೆ ಮನೆಮಂದಿಯೆಲ್ಲ ವ್ಯಾನು ಮಾಡಿಕೊಂಡು ಕಾರವಾರಕ್ಕೆ ಹೊರಟೆವು. ಹೆಸರಿಗೆ ಪ್ರವಾಸ, ಒಳಗೊಂದು ಹುನ್ನಾರ. ದೊಡ್ಡಮ್ಮನ ಎಮ್ಮೆಯನ್ನು ಮಾರಿಸಬೇಕಿತ್ತು. ಅವರಿಗೆ ಮಂಡಿನೋವು, ಹಾಲು ಕರೆಯಲು ಮನೆಯಲ್ಲಿ ಇನ್ಯಾರಿಗೂ ಬಾರದು. ಒಪ್ಪಿಸುವ ಕೆಲಸ ಮಾತುಗಾರನಾದ ನನ್ನ ಪಾಲಿಗೆ ಬಂದಿತ್ತು. ವ್ಯಾನಿನಲ್ಲೇ ‘ಎಮ್ಮೆ ಮಾರಿಬಿಡೋಣ’ ಎಂದೆ.

“ಆಯ್ತಪ್ಪ, ನಿಮ್ಮಿಷ್ಟ,” ಎಂದು ದೊಡ್ಡಮ್ಮ ನಕ್ಕರು. ನಾನು ಗೆದ್ದವನಂತೆ ಹಿಂದಿನ ಸೀಟಿಗೆ ಕಣ್ಣು ಹೊಡೆದೆ.

ಮರುದಿನ ದೋಣಿಯಲ್ಲಿದ್ದಾಗ ಎರಡು ಡಾಲ್ಫಿನ್‌ಗಳು ತೀರಾ ಹತ್ತಿರ ಬಂದವು. “ನಗ್ತಾ ಕರೀತಿವೆ ನೋಡಿ,” ಎಂದು ಪಾಠ ಶುರುಮಾಡಿ, ಕೈಯಲ್ಲಿದ್ದ ನಿಪ್ಪಟ್ಟು ಚಾಚಿದೆ. ದೊಡ್ಡಮ್ಮ ಕಡಲು ಕಂಡದ್ದು ಅದೇ ಮೊದಲು. ಆದರೆ ಜೀವಮಾನವೆಲ್ಲ ಎಮ್ಮೆ ಕಟ್ಟಿದವರು ಪ್ರಾಣಿಯ ಮುಖ ನೋಡಿ ಮೋಸಹೋಗುವುದಿಲ್ಲ, ಬಾಲ ನೋಡುತ್ತಾರೆ. ನಮ್ಮದು ತೆಲುಗು ಗಡಿಯ ಸೀಮೆ, ಗಾಬರಿಯಾದರೆ ಅವರ ಬಾಯಿಗೆ ತೆಲುಗು ಬರುತ್ತದೆ.

“ಒರೇಯ್, ಚೆಯ್ಯಿ ತೀಯಿರಾ!” ಎಂದು ನನ್ನ ಕಾಲರು ಹಿಡಿದು ಹಿಂದಕ್ಕೆಳೆದರು. ನಾನು ಕೈ ತೆಗೆದದ್ದೇ ತಡ, ಒಂದರ ದವಡೆ ಕಟಕ್ಕೆಂದಿತು, ಬಾಲ ನೀರಿಗೆ ಫಟ್ಟೆಂದು ಬಡಿಯಿತು. ನಿಪ್ಪಟ್ಟು ಕಡಲಿಗೆ ಹೋಯಿತು, ಕಡಲು ನನ್ನ ಕನ್ನಡಕಕ್ಕೆ ಬಂತು.

“ಎಲ್ಲಿ ನಗ್ತದ್ಲಾ ಅದು? ಮೂತಿ ಹುಟ್ಟಿದ್ದೇ ಹಂಗೆ,” ಎಂದರು ದೊಡ್ಡಮ್ಮ. “ಮೈಮೇಲೆ ಹಲ್ಲಿನ ಗೀರು ನೋಡು, ಕಚ್ಚಾಡ್ಕೊಂಡು ಬಂದವೆ. ಬಾಲ ಬಡೀತು ಅಂದ್ರೆ ಹತ್ರ ಬರಬ್ಯಾಡ ಅಂತ.”

ದೋಣಿಯವನು ನನ್ನನ್ನು ಬಿಟ್ಟು ಅವರ ಮಾತಿಗೆ ತಲೆಯಾಡಿಸಿದ. ಮೇಷ್ಟ್ರ ಮಾನ ಅಲ್ಲೇ ಮುಳುಗಿತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತಲ್ಲವೇ? ಬರಲಿಲ್ಲ. ಊರಿಗೆ ಮರಳಿದ ವಾರದಲ್ಲೇ ಮುಳಬಾಗಿಲಿನವರೊಬ್ಬರು ಬಂದು ಎಮ್ಮೆಯನ್ನು ಹೊಡೆದುಕೊಂಡು ಹೋದರು. ಮಾರಿದ ರಾಸಿನ ಜೊತೆ ಮನೆಯ ಹಗ್ಗ ಕೊಡಬಾರದೆಂಬುದು ನಮ್ಮಲ್ಲಿ ಪದ್ಧತಿ. ದೊಡ್ಡಮ್ಮ ನಗುತ್ತಲೇ ಹಗ್ಗ ಬಿಚ್ಚಿಕೊಂಡು ಒಳಗೆ ಹೋದರು. ಮರುದಿನ ಖಾಲಿ ಕೊಟ್ಟಿಗೆಯನ್ನು ಗುಡಿಸುತ್ತಿದ್ದರು, ಅದರ ಮರುದಿನವೂ. ನಾನು ನೋಡಿದೆ, ಏನೂ ಕೇಳಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಇವತ್ತು ನಾನು ವಿಡಿಯೊ ನೋಡುತ್ತಿದ್ದಾಗಲೇ ದೊಡ್ಡಮ್ಮನ ಮಗ ಮಂಜ ಬಂದು, “ಅಮ್ಮ, ಆ ಕೊಟ್ಟಿಗೆ ಕೆಡವಿ ಕಾರು ನಿಲ್ಸೋಕೆ ಶೆಡ್ ಹಾಕ್ಸೋಣ,” ಎಂದ.

“ಆಯ್ತಪ್ಪ, ನಿಮ್ಮಿಷ್ಟ,” ಎಂದು ದೊಡ್ಡಮ್ಮ ನಕ್ಕರು. ಮಂಜ ಆಗಲೇ ಗಾರೆಯವನಿಗೆ ಫೋನು ಮಾಡಲು ಹೊರಟಿದ್ದ. ನಾನು ಕಾಫಿ ಲೋಟ ಕೆಳಗಿಟ್ಟೆ.

“ದೊಡ್ಡಮ್ಮ, ಕೆಡವೋದು ನಿಂಗೆ ಬ್ಯಾಡ್ವಾ?”

ನಗು ನಿಂತಿತು. ಮನೆಯವರ ಮಾತಿಗೆ ಅವರ ಮುಖದಲ್ಲಿ ನಗುವಿಲ್ಲದ್ದನ್ನು ಇಷ್ಟು ವರ್ಷದಲ್ಲಿ ನಾನು ಕಂಡದ್ದು ಇದೇ ಮೊದಲು.

“ಬ್ಯಾಡ ಕಣೋ,” ಎಂದರು. “ಎಮ್ಮೆ ಮಾರೋದೂ ಬ್ಯಾಡವಾಗಿತ್ತು. ಯಾರು ಕೇಳಿದ್ರಿ?”