ಅಳತೆ ಮೇಷ್ಟ್ರ ಇಪ್ಪತ್ಮೂರನೇ ಪ್ರಶ್ನೆ

ಕಂಪನಿಗಳವರು ಅವನನ್ನು ಕರೆಯುವುದು ಅಳತೆ ಮೇಷ್ಟ್ರು ಎಂದು. ಕೈಯಲ್ಲಿ ಟೇಪಿಲ್ಲ, ತಕ್ಕಡಿಯಿಲ್ಲ; ಮೂವತ್ತು ಪ್ರಶ್ನೆಗಳ ಒಂದು ಫಾರಂ, ಅಷ್ಟೇ. ಕಂಪನಿ ತನ್ನ ವ್ಯಾಪಾರದ ರೀತಿಯನ್ನು ಎಷ್ಟು ಹೊಸದು ಮಾಡಿಕೊಂಡಿದೆ ಎಂದು ಕೇಳಿ, ಐದಕ್ಕೆ ಇಷ್ಟು ಎಂದು ಅಂಕ ಹಾಕಿ ಬರುವುದು ಅವನ ಕೆಲಸ. ಮೂರರ ಕೆಳಗೆ ಬಿದ್ದ ಕಂಪನಿಯತ್ತ ಬಂಡವಾಳ ಹಾಕುವವರು ತಿರುಗಿಯೂ ನೋಡುವುದಿಲ್ಲ. ಇಪ್ಪತ್ಮೂರನೇ ಪ್ರಶ್ನೆ ಅವನೇ ಸೇರಿಸಿದ್ದು: ಯಾವ ಹಳೆಯ ಕೆಲಸವನ್ನು ಕೈಬಿಟ್ಟಿರಿ? ಕೈಬಿಟ್ಟಷ್ಟೂ ಅಂಕ. ಅವತ್ತು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ, ಪುಣ್ಯಾತ್ಮ.

ಹೋದ ವರ್ಷ ಹೊಲಿಗೆ ಮಿಷನ್ನಿನ ಕಂಪನಿ ಅವನ ಪಾಲಿಗೆ ಬಂತು. ಅಲ್ಲಿನ ರಿಪೇರಿ ವಿಭಾಗದಲ್ಲಿ ಅವನ ಅಕ್ಕ ಇಪ್ಪತ್ತಾರು ವರ್ಷದಿಂದ ಇದ್ದಳು. ತಾಯಿ ಹೋದ ಮೇಲೆ ಇವನನ್ನು ಸಾಕಿ ಒಂದು ದಡ ಮುಟ್ಟಿಸಿದವಳೂ ಅವಳೇ. ಫಾರಂಗೆ ಒಂದು ನಿಯಮ: ಮಾಲೀಕ ಹೇಳಿದ್ದು ಸಾಲದು, ಎಲ್ಲರಿಗಿಂತ ಹಳಬರ ಬಾಯಿಂದಲೂ ಕೇಳಬೇಕು. ಹಳಬರೆಂದರೆ ಅಕ್ಕನೇ.

ಎಣ್ಣೆ ಕೈ ಒರೆಸಿಕೊಂಡು ಅಕ್ಕ ಎದುರು ಕೂತಳು.

"ಯಾವ್ದಾದ್ರೂ ಕೆಲಸ ಕೈಬಿಟ್ಟಿದ್ದೀರಾ ಅಕ್ಕಾ?"

"ಛೆ, ಯಾಕೆ ಬಿಡ್ತೀವೋ? ಎಷ್ಟೇ ಹಳೇ ಮಿಷನ್ ಬರ್ಲಿ, ಒಂದನ್ನೂ ಆಗಲ್ಲ ಅಂತ ವಾಪಸ್ ಕಳಿಸಿಲ್ಲ. ಸರಿಯಾಗಿ ಬರ್ಕೋ. ನಮ್ಮ ಕಂಪನಿಗೆ ಒಳ್ಳೇ ಮಾರ್ಕ್ಸ್ ಬರ್ಬೇಕು."

ತಮ್ಮ ಆ ಪ್ರಶ್ನೆಗೆ ಸೊನ್ನೆ ಹಾಕಿದ. ಸ್ವಂತ ಅಕ್ಕ, ನನ್ನಿಂದಾಗದು ಎಂದು ಬೇರೆಯವರನ್ನು ಕಳಿಸಬಹುದಿತ್ತು. ಪ್ರಾಮಾಣಿಕತೆಯ ಜಂಬ, ನೋಡಿ, ಬಿಡಲಿಲ್ಲ. ಒಟ್ಟು ಬಂದದ್ದು ಎರಡೂಕಾಲು.

ಮಾಲೀಕನೇನು ದಡ್ಡನೇ? ಫಾರಂ ತರಿಸಿಕೊಂಡು ಅಂಕ ಎಲ್ಲೆಲ್ಲಿ ಹೋಯಿತೆಂದು ಓದಿದ. ಮೂರೇ ತಿಂಗಳಲ್ಲಿ ರಿಪೇರಿ ವಿಭಾಗಕ್ಕೆ ಬೀಗ ಬಿತ್ತು. ಇನ್ನು ಮಿಷನ್ ಮಾರುವುದಿಲ್ಲ, ಬಾಡಿಗೆಗೆ ಕೊಡುವುದು. ಕೆಟ್ಟದ್ದು ಗುಜರಿಗೆ, ಅದರ ಬದಲು ಇನ್ನೊಂದು. ಅಕ್ಕನೂ ಸೇರಿ ಹನ್ನೊಂದು ಜನ ಮನೆಗೆ ಹೋದರು.

ಈ ವರ್ಷ ಮತ್ತೆ ಅವನೇ ಹೋದ. ಅಕ್ಕನ ಮೇಜಿದ್ದ ಜಾಗದಲ್ಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ನೆಲದಲ್ಲಿ ಮೇಜಿನ ಕಾಲೂರಿದ ನಾಲ್ಕು ಗುರುತು ಮಾತ್ರ ಹಾಗೇ ಇದ್ದವು. ಈಗಿನ ಹಳಬನೆಂದರೆ ಎರಡು ವರ್ಷದ ಹಿಂದೆ ಸೇರಿದ ಗೋದಾಮಿನವನು. ಇಪ್ಪತ್ಮೂರನೇ ಪ್ರಶ್ನೆಗೆ ಪೂರ್ತಿ ಐದು. ಸುಳ್ಳು ಬರೆಯಲು ಕೈ ಬರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಬರೆದ, ಸಹಿ ಹಾಕಿದ.

ಸಂಜೆ ಅಕ್ಕನ ಮನೆಗೆ ಹೋದಾಗ ಅವಳು ಸುಮ್ಮನೆ ಕಿಟಕಿಯ ಹತ್ತಿರ ಕೂತಿದ್ದಳು. ಕೈಬೆರಳುಗಳ ಎಣ್ಣೆಗಪ್ಪು ಪೂರಾ ಹೋಗಿತ್ತು.

"ನಮ್ಮ ಕಂಪನಿಗೆ ಹೋಗಿದ್ಯಂತೆ. ಎಷ್ಟು ಬಂತೋ?"

"ನಾಲ್ಕೂಕಾಲು."

"ಸದ್ಯ," ಎಂದಳು. ಕಿಟಕಿಯಿಂದ ಇತ್ತ ತಿರುಗಿ, "ಹೋದ್ಸಲ ಕಮ್ಮಿ ಬಂತಲ್ಲ, ನಾನೇ ಏನೋ ತಪ್ಪು ಹೇಳ್ಬಿಟ್ನೇನೋ ಅಂತ ಅವತ್ತಿಂದ ಕೊರೀತಾ ಇದೆ ಕಣೋ. ನಿಜ ಹೇಳು, ತಪ್ಪು ಹೇಳಿದ್ನಾ?"

"ಇಲ್ಲ ಅಕ್ಕಾ," ಎಂದ ಅವನು, ಅವಳ ಮುಖ ನೋಡದೆ. "ನೀನು ಹೇಳಿದ್ದನ್ನೆಲ್ಲ ಸರಿಯಾಗೇ ಬರ್ಕೊಂಡಿದ್ದೆ."