ತಕ್ಕಡಿ ಮಾಮನ ಎರಡನೇ ತೂಕ

ತಕ್ಕಡಿ ರಿಪೇರಿಯಲ್ಲಿ ಎತ್ತಿದ ಕೈ ಎನಿಸಿಕೊಂಡವರಿಗೆ ಊರು ಬೇರೆ ಹೆಸರು ಯಾಕೆ ಇಟ್ಟೀತು? ಹಿರಿಯರು ಕಿರಿಯರು ಎಲ್ಲರಿಗೂ ಅವರು ತಕ್ಕಡಿ ಮಾಮ. ಒಂದೇ ಕಿಟಕಿಯ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕೂತು ಬಾಗಿದ ಮುಳ್ಳುಗಳನ್ನು ನೆಟ್ಟಗೆ ಮಾಡಿದವರು. ರಿಪೇರಿ ಮುಗಿದ ಮೇಲೆ ಅವರದೊಂದು ಕಟ್ಟಳೆಯಿತ್ತು. ಒಂದು ತಟ್ಟೆಯಲ್ಲಿ ತೂಕದ ಬಟ್ಟು, ಇನ್ನೊಂದರಲ್ಲಿ ಸಾಮಾನು ಇಟ್ಟು ತೂಗುವರು. ಮುಳ್ಳು ನಡುವೆ ನಿಂತರೂ ನಂಬದೆ, ಎರಡನ್ನೂ ಅದಲುಬದಲು ಮಾಡಿ ಮತ್ತೊಮ್ಮೆ ತೂಗುವರು. ಗಿರಾಕಿ ಅವಸರಪಟ್ಟರೆ, ಒಂದೇ ಕಿವಿಯಲ್ಲಿ ಕೇಳಿ ನ್ಯಾಯ ಹೇಳಬಾರದು ಎಂದು ಗದರುವರು.

ಆಮೇಲೆ ಅಂಕಿ ಬೆಳಗುವ ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದವು, ಅಂಗಡಿಗೆ ಬೀಗ ಬಿತ್ತು. ಅಂಥ ತಕ್ಕಡಿ ಮಾಡುವ ಕಾರ್ಖಾನೆಗೇ ಮಗಳು ಪ್ರೋಗ್ರಾಂ ಬರೆಯಲು ಸೇರಿದಾಗ ಮಾಮ ಒಂದು ವಾರ ಮಾತು ಬಿಟ್ಟರು. ಎಂಟನೇ ದಿನ ಅಡುಗೆಗೆ ಉಪ್ಪು ಸಾಲದು ಎನ್ನಲು ಬಾಯಿ ಬಿಡಲೇಬೇಕಾಯಿತು, ರಾಜಿಯಾಯಿತು.

ಕಾರ್ಖಾನೆಯಿಂದ ಬಂದು ಸಂಜೆಗಳಲ್ಲಿ, ಮೂರು ವರ್ಷ, ಮಗಳು ಇನ್ನೊಂದು ಪ್ರೋಗ್ರಾಂ ಬರೆದಳು. ಅದು ಬ್ಯಾಕ್‌ಗ್ಯಾಮನ್ ಆಡುವಂಥದು. ಎರಡು ದಾಳ ಎಸೆದು, ಹದಿನೈದು ಕಾಯಿಗಳನ್ನು ಹಲಗೆಯ ಸುತ್ತ ನಡೆಸಿ, ಎದುರಾಳಿಗಿಂತ ಮೊದಲು ಹೊರಗೆ ಸಾಗಿಸಿದವರು ಗೆದ್ದಂತೆ. ಊರಿನ ತಾಂತ್ರಿಕ ಶಾಲೆ ಇಂಥ ಪ್ರೋಗ್ರಾಂಗಳಿಗೇ ಒಂದು ಪಂದ್ಯ ಇಟ್ಟಿತು. ಕಾಯಿ ನಡೆಸುವ ಬುದ್ಧಿ ಕಂಪ್ಯೂಟರಿನದು, ಸರಿ. ದಾಳ ಯಾರ ಕಂಪ್ಯೂಟರಿನದು? ಒಬ್ಬರನ್ನೊಬ್ಬರು ನಂಬುವವರು ಅಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ ನಿಜವಾದ ದಾಳವನ್ನೇ ಎಸೆದು, ಕೂಗಿ ಹೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಲು ಒಬ್ಬ ನೇರ ಮನುಷ್ಯ ಬೇಕೆಂದಾಯಿತು. ಊರಿಗೆಲ್ಲ ನೆನಪಾದದ್ದು ತಕ್ಕಡಿ ಮಾಮ. ಮಗಳು ಫೈನಲ್‌ವರೆಗೆ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಮಾಮನೂ ಎಣಿಸಿರಲಿಲ್ಲ, ಅವಳಿಗೆ ಹೇಳಿರಲಿಲ್ಲ ಅಷ್ಟೆ.

ಫೈನಲ್‌ನಲ್ಲಿ ಎದುರಾದದ್ದು ನಿವೃತ್ತ ಗಣಿತದ ಮೇಷ್ಟ್ರ ಪ್ರೋಗ್ರಾಂ. ಅವತ್ತು ದಾಳಗಳು ಮಗಳಿಗೆ ಒಲಿದವು. ಬೇಕೆಂದಾಗ ಜೋಡಿ ಆರು, ಬೇಕೆಂದಾಗ ಜೋಡಿ ನಾಲ್ಕು. ಅವಳ ಕೊನೆಯ ಕಾಯಿ ಹೊರಬಿದ್ದಾಗ ಮೇಷ್ಟ್ರದು ಒಂದು ಕಾಯಿಯೂ ಹೊರಗೆ ಹೋಗಿರಲಿಲ್ಲ. ಹಾಗೆ ಸೋತರೆ ಆ ಆಟದಲ್ಲಿ ಎರಡು ಅಂಕದ ಸೋಲು.

ಮೇಷ್ಟ್ರು ನಗುತ್ತಲೇ ಕೈ ಕುಲುಕಿದರು. "ನಿನ್ನ ಪ್ರೋಗ್ರಾಂ ಚೆನ್ನಾಗಿದೆಯಮ್ಮ. ಅದಕ್ಕಿಂತ ನಿಮ್ಮಪ್ಪನ ಕೈಗುಣ ಚೆನ್ನಾಗಿದೆ."

ಸಭೆ ನಕ್ಕಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಮಗಳೂ ನಕ್ಕಳು, ಆದರೆ ಕಿವಿ ಕೆಂಪಾಗಿತ್ತು. ತಲೆ ತಗ್ಗಿಸಿ ಕೇಬಲ್ ಸುತ್ತತೊಡಗಿದಳು. ಮಾಮ ಅದನ್ನು ನೋಡಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಸುಳ್ಳಲ್ಲ.

ಅವರು ಎದ್ದು ನಿಂತರು. "ತಟ್ಟೆ ಬದಲಾಯ್ಸಿ ಇನ್ನೊಂದ್ಸಲ ತೂಗೋಣ," ಎಂದರು.

ಯಾರಿಗೂ ಅರ್ಥವಾಗಲಿಲ್ಲ. ಮಾಮ ನೋಟ್‌ಬುಕ್ ಬಿಚ್ಚಿ ತೋರಿಸಿದರು. ಪ್ರತಿಯೊಂದು ಎಸೆತವೂ ಸಾಲಾಗಿ ಅದರಲ್ಲಿದೆ. ಇದೇ ದಾಳಗಳು, ಇದೇ ಕ್ರಮ. ಮಗಳಿಗೆ ಬಿದ್ದದ್ದು ಮೇಷ್ಟ್ರಿಗೆ, ಮೇಷ್ಟ್ರಿಗೆ ಬಿದ್ದದ್ದು ಮಗಳಿಗೆ. ಪಟ್ಟಿ ಮುಗಿದರೆ ಮುಂದಿನದನ್ನು ಮೇಷ್ಟ್ರೇ ಎಸೆಯಲಿ. ಎರಡೂ ಆಟ ಕೂಡಿಸಿ ನೋಡೋಣ. ಗೆದ್ದವಳು ಒಪ್ಪಿದರೆ ಮಾತ್ರ ಎಂದರು ಪಂದ್ಯ ನಡೆಸುವವರು.

ಮಗಳು ಅಪ್ಪನನ್ನು ಕಿಟಕಿಯ ಬಳಿಗೆ ಕರೆದಳು. "ಗೆದ್ದಾಗಿದೆಯಲ್ಲಪ್ಪಾ. ಮೇಷ್ಟ್ರಿಗೆ ಬಿದ್ದ ಆ ದಾಳ ಇಟ್ಕೊಂಡು ಯಾರು ಗೆಲ್ತಾರೆ? ನಾನು ಸೋಲೋದನ್ನ ಎಲ್ಲರ ಮುಂದೆ ನೋಡ್ಬೇಕಾ ನಿಮಗೆ?"

"ಸೋಲಬಹುದು," ಎಂದರು ಮಾಮ ಅಳೆದು ತೂಗಿ. "ಆದ್ರೆ ಈ ಗೆಲುವಲ್ಲಿ ದಾಳದ್ದೆಷ್ಟು, ನಿಂದೆಷ್ಟು ಅಂತ ನನಗೆ ಗೊತ್ತಿಲ್ಲ. ನಿನಗೆ ಗೊತ್ತಾ?"

ಅವಳಿಗೂ ಗೊತ್ತಿರಲಿಲ್ಲ. ಅಪ್ಪನ ಮೇಲಿನ ಕೋಪದಲ್ಲೇ ಹೋಗಿ ಕೇಬಲ್ ಸಿಕ್ಕಿಸಿದಳು.

ಈ ಸಲ ಮಾಮ ದಾಳ ಮುಟ್ಟಲಿಲ್ಲ, ಓದುತ್ತ ಹೋದರು. ಮೇಷ್ಟ್ರ ಪಾಲಿಗೆ ಆ ಜೋಡಿ ಆರನ್ನೂ ತಡೆಯದೆ ಓದಿದರು. ಮಗಳ ಕಾಯಿಗಳು ಏಟು ತಿಂದವು, ಹಿಂದೆ ಬಿದ್ದವು. ಆದರೆ ಅವಳ ಪ್ರೋಗ್ರಾಂ ಗಾಬರಿಯಾಗಿ ಓಡಲಿಲ್ಲ. ದೂರದ ಮನೆಯೊಂದರಲ್ಲಿ ಏಟು ಬೀಳದಂತೆ ಎರಡು ಕಾಯಿ ಜೊತೆಯಾಗಿ ನಿಲ್ಲಿಸಿಕೊಂಡು, ದಾರಿ ತೆರೆಯುವವರೆಗೂ ಕಾದಿತು. ಸೋಲಂತೂ ಸೋತಿತು. ಆದರೆ ಅಷ್ಟರಲ್ಲಿ ಅದರ ಮೂರು ಕಾಯಿ ಹೊರಗೆ ಹೋಗಿದ್ದವು. ಒಂದೇ ಅಂಕದ ಸೋಲು. ಅದೇ ಕೆಟ್ಟ ದಾಳದಲ್ಲಿ ಮೇಷ್ಟ್ರು ಎರಡು ಸೋತಿದ್ದರು, ಅವಳು ಒಂದು.

ಎರಡೂ ಆಟ ಕೂಡಿಸಿದರೆ ಮಗಳೇ ಒಂದು ಅಂಕ ಮುಂದೆ. ಆ ಲೆಕ್ಕ ಮೊದಲು ಹೊಳೆದದ್ದು ಮೇಷ್ಟ್ರಿಗೇ. ಎರಡೂ ಆಟದ ನಡೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತ ಒಂಬತ್ತನೇ ಎಸೆತದ ಮೇಲೆ ಬೆರಳಿಟ್ಟರು. "ಇಲ್ಲಿ ನಂದು ಓಡ್ತು, ನಿಂದು ಓಡ್ಲಿಲ್ಲ. ಯಾಕಮ್ಮ?" ಎಂದು ಕುರ್ಚಿ ಎಳೆದುಕೊಂಡು ಕೂತರು. ಮಗಳು ಅರ್ಧ ಗಂಟೆ ವಿವರಿಸಿದಳು. ಮಾಮನಿಗೆ ಅದರಲ್ಲಿ ಕಾಲುಭಾಗವೂ ತಿಳಿಯಲಿಲ್ಲ. ಆದರೂ ಕದಲದೆ ಕೇಳಿದರು.

ಮೆಟ್ಟಿಲಿಳಿಯುವಾಗ ಅವಳು ಕೇಳಿದಳು, ಅಪ್ಪನ ಕೈಯನ್ನು ಊರೆಲ್ಲ ನಂಬುವಾಗ, ಒಬ್ಬರು ತಮಾಷೆ ಮಾಡಿದ್ದಕ್ಕೆ ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು.

ಮಾಮ ಮೆಟ್ಟಿಲ ಕಂಬಿ ಹಿಡಿದು ನಿಂತರು. "ಕೈ ನೆಟ್ಟಗೇ ಇತ್ತು ಮಗಳೇ. ಆದ್ರೆ ಪ್ರತಿ ಸಲ ಎಸೆಯುವಾಗ್ಲೂ ನಿನಗೇ ಬೀಳ್ಲಿ ಅಂತ ಬೇಡ್ಕೊಂಡಿದ್ದೆ. ವಾಲಿದ ತಕ್ಕಡೀಲಿ ಒಂದೇ ಸಲ ತೂಗಿ ಹೇಗೆ ಬಿಡ್ಲಿ?"

ಮಗಳು ಕಂಪ್ಯೂಟರ್ ಚೀಲವನ್ನು ಎಡ ಹೆಗಲಿಗೆ ಬದಲಿಸಿಕೊಂಡು, ಬಲಗೈಯಿಂದ ಅವರ ತೋಳು ಹಿಡಿದಳು.